ಅವಳಿ ಬಸುರಿಗೆ ದಿನ ತುಂಬುವುದು ಯಾವಾಗ?

ಮಲೆನಾಡಿನ ಒಂದು ಸಣ್ಣ ಊರಿನ ಸೋದರಿಯೊಬ್ಬರ ಕಾಗದ ನನ್ನ ಮೇಜಿನ ಮೇಲಿದೆ. ಹೆಸರು ಹಾಕಬೇಡಿ ಎಂದು ಬರೆದಿದ್ದಾರೆ, ಹಾಕುವುದಿಲ್ಲ. ಮೊದಲ ಬಸುರು, ಹೊಟ್ಟೆಯಲ್ಲಿ ಅವಳಿ, ಈಗ 32 ವಾರ. ಮುಖ್ಯವಾದ ಮಾತುಗಳನ್ನು ಅವರು ಬರೆದ ಹಾಗೆಯೇ ಕೊಡುತ್ತೇನೆ:

"ಡಾಕ್ಟರು 36 ವಾರಕ್ಕೇ ಹೆರಿಗೆ ಮಾಡಿಸಬೇಕು ಅಂತಾರೆ. ನಮ್ಮತ್ತೆ, ಅದು ಎಂಟು ತಿಂಗಳ ಕೂಸಾಗತ್ತೆ, ಏಳು ತಿಂಗಳದ್ದು ಬದುಕಿದ್ರೂ ಎಂಟರದ್ದು ಉಳಿಯಲ್ಲ, ಒಂಬತ್ತು ತುಂಬಲಿ, ಅಮಾವಾಸ್ಯೆ ಕಳೀಲಿ ಅಂತಾರೆ. ನನ್ನ ಓರಗಿತ್ತಿ ತಂಗಿಗೂ ಅವಳಿ. ಅವಳನ್ನ 37 ವಾರ ಆಗೋವರೆಗೂ ಬಿಟ್ಟಿದ್ರು. ನನಗೆ ಮಾತ್ರ ಯಾಕೆ ಈ ಅವಸರ? ದುಡ್ಡಿನ ಆಸೆಗೆ ಹೇಳ್ತಾರೋ ಏನೋ ಅಂತ ಮನೆಯಲ್ಲಿ ಮಾತು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎಂ.ಸಿ.ಡಿ.ಎ. ಅಂತ ಬರೆದಿದೆ, ಹಾಗಂದ್ರೇನು? ಬಾಣಂತನಕ್ಕೆ ಅಮ್ಮನ ಮನೆಗೆ ಹೋಗಲೋ ಬೇಡವೋ? ಅಲ್ಲಿಂದ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಎರಡೂವರೆ ಗಂಟೆ."

ಪತ್ರಿಕೆ ಕೈಸೇರುವುದು ತಡವಾದೀತೆಂದು ಈ ಸೋದರಿಗೆ ಉತ್ತರವನ್ನು ಆಗಲೇ ಅಂಚೆಗೆ ಹಾಕಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ. ಮನೆಯಲ್ಲಿ ಅತ್ತೆಯೋ ಅಮ್ಮನೋ ಇದ್ದರೆ ಅವರಿಗೂ ಓದಿ ಹೇಳಿ.

ಮೊದಲು ಹಿರಿಯರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂಬತ್ತು ತಿಂಗಳು, ಒಂಬತ್ತು ದಿನ ಎನ್ನುತ್ತಾರಲ್ಲ, ತಿಂಗಳಿಗೆ 30ರಂತೆ ಕೂಡಿಸಿ ನೋಡಿ, 279 ದಿನ. ಡಾಕ್ಟರುಗಳು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವ 40 ವಾರವೆಂದರೆ 280 ದಿನ. ಒಂದೇ ದಿನದ ವ್ಯತ್ಯಾಸ! ಹಾಗಾಗಿ ಅಜ್ಜಿಯರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಆದರೆ ಅದು ಒಂಟಿ ಮಗುವಿನ ಲೆಕ್ಕ. ಅವಳಿಗಳಿಗೆ ದಿನ ಬೇಗ ತುಂಬುತ್ತದೆ. ನೂರು ಅವಳಿ ಬಸುರಿಯರಲ್ಲಿ ಸುಮಾರು 60 ಮಂದಿಗೆ ಯಾರೂ ಏನೂ ಮಾಡದೆಯೇ 37 ವಾರದೊಳಗೆ ಹೆರಿಗೆಯಾಗಿಬಿಡುತ್ತದೆ. ಉಳಿದವರಲ್ಲಿ ದಿನ ಮುಂದೂಡಿದಷ್ಟೂ ಮಕ್ಕಳಿಗೆ ಮಾಸಿನಿಂದ ಸಿಗಬೇಕಾದ ಪೋಷಣೆ ಸಾಲದೆ ಬಂದು, ಹೊಟ್ಟೆಯಲ್ಲೇ ಮಗು ಹೋಗುವ ಅಪಾಯ ಹೆಚ್ಚುತ್ತದೆ.

ಇನ್ನು ಎಂಟು ತಿಂಗಳ ಕೂಸಿನ ಮಾತು. ಇದನ್ನು ನಾನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಇದರಲ್ಲಿ ಸತ್ಯವಿಲ್ಲ. ಗರ್ಭದಲ್ಲಿ ಒಂದೊಂದು ವಾರ ಕಳೆದ ಹಾಗೂ ಮಗುವಿನ ಶ್ವಾಸಕೋಶ ಬಲಿಯುತ್ತದೆ, ಮೈಯಲ್ಲಿ ಕಸುವು ಕೂಡುತ್ತದೆ. ಏಳರ ಕೂಸಿಗಿಂತ ಎಂಟರ ಕೂಸು ಯಾವಾಗಲೂ ಗಟ್ಟಿ. ಅದೂ ಅಲ್ಲದೆ 36 ವಾರವೆಂದರೆ 252 ದಿನ. ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಾಯಿತು, ಅತ್ತೆಯವರಿಗೆ ಇಷ್ಟು ಹೇಳಿದರೂ ಸಮಾಧಾನವಾದೀತು.

ಓರಗಿತ್ತಿಯ ತಂಗಿಗೆ 37, ನನಗೆ 36, ಏಕೆ? ಎಂ.ಸಿ.ಡಿ.ಎ. ಎಂಬ ಆ ನಾಲ್ಕಕ್ಷರದಲ್ಲೇ ಉತ್ತರವಿದೆ. ತಾಯಿಯ ರಕ್ತದಿಂದ ಮಗುವಿಗೆ ಉಸಿರು, ಆಹಾರ ಎರಡನ್ನೂ ಒದಗಿಸುವುದು ಮಾಸು. ಕೆಲವು ಕಡೆ ಸತ್ತೆ, ಕಸ ಎಂದೂ ಹೇಳುತ್ತಾರೆ. ಅವಳಿಗಳಲ್ಲಿ ಹಲವರಿಗೆ ಒಬ್ಬೊಬ್ಬರದೂ ಬೇರೆ ಮಾಸು, ಬೇರೆ ನೀರಿನ ಚೀಲ. ರಿಪೋರ್ಟಿನಲ್ಲಿ ಡಿ.ಸಿ.ಡಿ.ಎ. ಎಂದು ಬರೆಯುವುದು ಇದನ್ನೇ. ಎಂ.ಸಿ.ಡಿ.ಎ. ಎಂದರೆ ಚೀಲ ಎರಡು, ಮಾಸು ಒಂದೇ. ಪಾಲಾದ ಅಣ್ಣತಮ್ಮಂದಿರಿಗೆ ಹಿತ್ತಿಲಲ್ಲಿ ಬೇರೆ ಬೇರೆ ಬಾವಿ ಇದ್ದರೆ ತಕರಾರಿಲ್ಲ. ಒಂದೇ ಬಾವಿಯಾದರೆ ಒಬ್ಬ ಹೆಚ್ಚು ಸೇದಿದ, ಇನ್ನೊಬ್ಬನಿಗೆ ಕಡಿಮೆಯಾಯಿತು! ಒಂದೇ ಮಾಸಿನಲ್ಲಿ ಎರಡೂ ಮಕ್ಕಳ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಇಂಥ ನೂರು ಬಸುರುಗಳಲ್ಲಿ ಹತ್ತು ಹದಿನೈದರಲ್ಲಿ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹೆಚ್ಚಾಗಿ ಹರಿದು, ಕೊಡುವ ಮಗು ಸೊರಗುತ್ತದೆ, ಪಡೆಯುವ ಮಗುವಿನ ಗುಂಡಿಗೆಗೆ ಹೊರೆಯಾಗುತ್ತದೆ. ಅದಕ್ಕೇ ಇವರಿಗೆ 16ನೇ ವಾರದಿಂದ ಹದಿನೈದು ದಿನಕ್ಕೊಮ್ಮೆ ಸ್ಕ್ಯಾನಿಂಗ್. ಎರಡು ಮಾಸಿನವರಿಗೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ ಸಾಕು. ರಕ್ತದ ಈ ಏರುಪೇರು ಬೇಗ ಗೊತ್ತಾದರೆ ದೊಡ್ಡ ಆಸ್ಪತ್ರೆಗಳಲ್ಲಿ ಲೇಸರ್ ಚಿಕಿತ್ಸೆಯೂ ಇದೆ. ಇನ್ನೊಂದು ಮಾತು, ಹೇಳಲು ಕಷ್ಟ, ಆದರೂ ಹೇಳಬೇಕು: ರಕ್ತ ಹಂಚಿಕೊಂಡಿರುವುದರಿಂದ ಒಂದು ಮಗುವಿಗೆ ಏನಾದರೂ ಆದರೆ ಇನ್ನೊಂದಕ್ಕೂ ಪೆಟ್ಟು ಬೀಳಬಹುದು.

ಆದ್ದರಿಂದಲೇ ಬೇರೆ ತೊಡಕಿಲ್ಲದಿದ್ದರೂ ಒಂದೇ ಮಾಸಿನವರಿಗೆ 36 ವಾರದ ಹೊತ್ತಿಗೆ, ಎರಡು ಮಾಸಿನವರಿಗೆ 37 ತುಂಬಿದ ಮೇಲೆ ಹೆರಿಗೆ ಎಂದು ಗೊತ್ತುಮಾಡುವುದು. ಕೆಲವು ಡಾಕ್ಟರುಗಳು ಎರಡು ಮಾಸಿನವರನ್ನು 38ರವರೆಗೂ ಕಾಯಿಸುತ್ತಾರೆ. 2016ರಲ್ಲಿ ಬೇರೆ ಬೇರೆ ದೇಶಗಳ 35 ಸಾವಿರಕ್ಕೂ ಹೆಚ್ಚು ಅವಳಿ ಬಸುರುಗಳ ವಿವರ ಒಟ್ಟುಗೂಡಿಸಿ ನೋಡಿದಾಗಲೂ, ಎರಡು ಮಾಸಿನವರಿಗೆ 37 ವಾರವೇ ಅತ್ತ ಬೇಗವೂ ಅಲ್ಲದ, ಇತ್ತ ತಡವೂ ಅಲ್ಲದ ಹೊತ್ತೆಂದು ಕಂಡುಬಂತು. ಮಾಸೂ ಒಂದೇ, ಚೀಲವೂ ಒಂದೇ ಆಗಿರುವುದು ಬಲು ಅಪರೂಪ. ಅಲ್ಲಿ ಹೊಕ್ಕುಳ ಬಳ್ಳಿಗಳು ಸಿಕ್ಕಾಗುವ ಭಯವಿರುವುದರಿಂದ 32ರಿಂದ 34 ವಾರದೊಳಗೇ ಸಿಸೇರಿಯನ್ ಮಾಡುತ್ತಾರೆ. ಮಾಸು ಎಷ್ಟು ಎಂಬುದು 14 ವಾರದೊಳಗಿನ ಸ್ಕ್ಯಾನಿಂಗಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆಮೇಲೆ ಹೇಳುವುದು ಕಷ್ಟ. ಆ ಮೊದಲ ರಿಪೋರ್ಟನ್ನು ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಂಡಿರಿ. (ಒಂದೇ ಮುಖದ ಅವಳಿಗಳಾದರೆ ಮಾಸೂ ಒಂದೇ ಎಂದುಕೊಳ್ಳಬೇಡಿ. ಅಂಥವರಲ್ಲೂ ಮೂರರಲ್ಲೊಂದು ಪಾಲಿಗೆ ಎರಡು ಮಾಸು ಇರುತ್ತದೆ. ಜೋಡಿ ಬಾಳೆಹಣ್ಣು ತಿಂದದ್ದಕ್ಕೂ ಅವಳಿಗೂ ಸಂಬಂಧವಿಲ್ಲ. ಚಿಕ್ಕಂದಿನಲ್ಲಿ ನಾನೇ ಎಷ್ಟು ತಿಂದಿದ್ದೇನೆ!)

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಬಹಳ ವರ್ಷಗಳ ಹಿಂದೆ ನನ್ನ ಬಳಿ ಬರುತ್ತಿದ್ದ ಒಬ್ಬ ಹೆಣ್ಣುಮಗಳದೂ ಒಂದೇ ಮಾಸಿನ ಅವಳಿ. 36 ವಾರಕ್ಕೆ ಬಂದು ಸೇರಿಕೊಳ್ಳಬೇಕೆಂದು ಚೀಟಿಯಲ್ಲಿ ತಾರೀಖು ಬರೆದು ಕೊಟ್ಟಿದ್ದೆ. ಆ ವಾರ ಮನೆಯಲ್ಲಿ ಗೃಹಪ್ರವೇಶ. ಹುಡುಗಿಯೂ ಲವಲವಿಕೆಯಿಂದ ಓಡಾಡಿಕೊಂಡಿದ್ದಳಂತೆ. ನೋವಿಲ್ಲ, ಏನಿಲ್ಲ, ಹತ್ತು ದಿನ ಕಳೆದು ಹೋದರಾಯಿತು ಎಂದುಕೊಂಡರು. ಬಂದಾಗ ನನಗೆ ಒಂದೇ ಮಗುವಿನ ಗುಂಡಿಗೆಯ ಸದ್ದು ಕೇಳಿಸಿತು. ಆ ಒಂದನ್ನು ಉಳಿಸಿಕೊಂಡೆವು. ಮಾರನೆಯ ದಿನ ಆಕೆಯ ಅತ್ತೆ ಬಾಗಿಲ ಬಳಿ ನಿಂತು, "ಕಾರಣ ಹೀಗೆ ಅಂತ ನೀವು ಹೇಳ್ಲೇ ಇಲ್ವಲ್ಲಾ ಡಾಕ್ಟ್ರಮ್ಮಾ, ಹೇಳಿದ್ರೆ ನಾನೇ ಕರ್ಕೊಂಡು ಬರ್ತಿದ್ದೆ" ಎಂದರು. ನಾನು ತಾರೀಖು ಬರೆದಿದ್ದೆ, ಕಾರಣ ಹೇಳಿರಲಿಲ್ಲ. ಅವರಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅಂದಿನಿಂದ ಅವಳಿ ಬಸುರಿ ಬಂದರೆ ಜೊತೆಗೆ ಬಂದ ಹಿರಿಯರನ್ನೂ ಒಳಗೆ ಕರೆದು ಕೂರಿಸಿ ಹೇಳುತ್ತೇನೆ. ನೀವೂ ನಿಮ್ಮ ಅತ್ತೆಯವರನ್ನು ಒಮ್ಮೆ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಸೋದರಿ. ಅವರು ಹಟ ಮಾಡುತ್ತಿಲ್ಲ, ಮೊಮ್ಮಕ್ಕಳ ಜೀವಕ್ಕೇ ಹೆದರುತ್ತಿದ್ದಾರೆ.

ಅಮಾವಾಸ್ಯೆಯ ವಿಚಾರ. ಡಾಕ್ಟರು ಎರಡು ಮೂರು ದಿನದ ಅವಕಾಶ ಕೊಟ್ಟರೆ ಅದರೊಳಗೆ ಒಳ್ಳೆಯ ದಿನ ನೋಡಿಕೊಳ್ಳಿ, ನಾನೂ ಬೇಡವೆನ್ನುವುದಿಲ್ಲ. ಪಂಚಾಂಗ ನೋಡಿ ವಾರಗಟ್ಟಲೆ ಮುಂದೆ ಹಾಕುವುದು ಮಾತ್ರ ಕೂಡದು. ಹಿಂದಕ್ಕೆ ಎಳೆಯುವುದೂ ತಪ್ಪು. ಒಳ್ಳೆ ನಕ್ಷತ್ರವೆಂದು 34ಕ್ಕೇ ಕುಯ್ಯಿಸಿಕೊಂಡರೆ ಉಸಿರಾಟದ ತೊಂದರೆ ಮಗುವಿಗೆ, ಅಳುವುದು ನೀವು.

36ಕ್ಕೆ ಹೆರಿಗೆ ಎಂದರೆ ಸಿಸೇರಿಯನ್ನೇ ಆಗಬೇಕೆಂದಿಲ್ಲ. ಮುಂದಿರುವ ಮಗುವಿನ ತಲೆ ಕೆಳಗಿದ್ದು ಬೇರೆ ತೊಡಕಿಲ್ಲದಿದ್ದರೆ ನೋವು ಬರಿಸಿ ಸಹಜವಾಗಿ ಹೆರಿಸಬಹುದು. 25 ದೇಶಗಳಲ್ಲಿ 2,800 ಅವಳಿ ಬಸುರಿಯರನ್ನು ಸೇರಿಸಿಕೊಂಡು ನಡೆಸಿದ ಒಂದು ದೊಡ್ಡ ಪರೀಕ್ಷೆಯ ಫಲ 2013ರಲ್ಲಿ ಪ್ರಕಟವಾಯಿತು. ಅಂಥವರಲ್ಲಿ ಮೊದಲೇ ಗೊತ್ತುಮಾಡಿ ಸಿಸೇರಿಯನ್ ಮಾಡಿದ್ದರಿಂದ ಮಕ್ಕಳಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮೊದಲ ಮಗು ಅಡ್ಡಲಾಗಿಯೋ ಕಾಲು ಕೆಳಗಾಗಿಯೋ ಇದ್ದರೆ ಸಿಸೇರಿಯನ್ನೇ ಕ್ಷೇಮ. ದುಡ್ಡಿನಾಸೆಯ ಗುಮಾನಿ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ರಿಪೋರ್ಟು ತೋರಿಸಿ ಇನ್ನೊಬ್ಬರ ಅಭಿಪ್ರಾಯ ಕೇಳಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆಯ ಏರ್ಪಾಡು 2016ರಿಂದ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ ಎಂದು ಹೇಳುತ್ತಾರೆ.

ಆದರೆ ಸಹಜ ಹೆರಿಗೆಯಾದರೂ ಅದು ಮನೆಯಲ್ಲಾಗಲೀ ಸಣ್ಣ ಆಸ್ಪತ್ರೆಯಲ್ಲಾಗಲೀ ಆಗುವ ಕೆಲಸವಲ್ಲ. ಮೊದಲ ಮಗು ಹೊರಬಂದ ಮೇಲೆ ಜಾಗ ಸಿಕ್ಕಿತೆಂದು ಎರಡನೆಯದು ಒಳಗೆ ಅಡ್ಡ ತಿರುಗಿಬಿಡಬಹುದು. ಆಗ ನಿಮಿಷಗಳ ಮೇಲೆ ಕೆಲಸ. ಹೆಚ್ಚು ಹಿಗ್ಗಿದ ಗರ್ಭಕೋಶ ಚೆನ್ನಾಗಿ ಕುಗ್ಗದೆ ರಕ್ತ ಹೋಗುವುದೂ ಅವಳಿಯಲ್ಲಿ ಹೆಚ್ಚು. ರಕ್ತ ಸಿಗುವ, ಅರಿವಳಿಕೆ ಕೊಡುವ ಡಾಕ್ಟರೂ ಮಕ್ಕಳ ಡಾಕ್ಟರೂ ರಾತ್ರಿಯಲ್ಲೂ ಸಿಗುವ, ಎಳೆ ಕೂಸುಗಳನ್ನು ಬೆಚ್ಚಗಿಟ್ಟು ನೋಡಿಕೊಳ್ಳುವ ಘಟಕವಿರುವ ಜಾಗವೇ ಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಘಟಕವಿರುತ್ತದೆ.

ಹೀಗಾಗಿ, ತಂಗೀ, ಎರಡೂವರೆ ಗಂಟೆ ದಾರಿಯ ತವರು ಈಗ ಬೇಡ. ಬೇಸರವಾಗುತ್ತದೆ, ಗೊತ್ತು. ಅಮ್ಮನನ್ನೇ ನಿಮ್ಮ ಬಳಿಗೆ ಕರೆಸಿಕೊಳ್ಳಿ. 34 ವಾರದ ಹೊತ್ತಿಗೆ ದೊಡ್ಡಾಸ್ಪತ್ರೆಯ ಹತ್ತಿರ ಬಂಧುಗಳ ಮನೆಯಿದ್ದರೆ ಅಲ್ಲಿ ಇರಿ. ಹೆರಿಗೆಯಾಗಿ ಮಕ್ಕಳು ಮೈ ಹಿಡಿದ ಮೇಲೆ ತವರಿಗೆ ಹೋಗಿ ಬಾಣಂತನ ಮಾಡಿಸಿಕೊಂಡರೆ ಯಾರೂ ಬೇಡವೆನ್ನುವುದಿಲ್ಲ.

ಅಷ್ಟರಲ್ಲಿ ಹೊಟ್ಟೆ ಬಿಗಿಹಿಡಿದು ಬಿಟ್ಟು ಮಾಡಿದರೆ, ನೀರು ಹೋದರೆ, ರಕ್ತ ಕಂಡರೆ, ಮಕ್ಕಳ ಒದೆತ ಕಡಿಮೆಯಾಗಿದೆ ಎನ್ನಿಸಿದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಒಂದೆರಡು ದಿನದಲ್ಲೇ ಹೊಟ್ಟೆ ವಿಪರೀತ ಬೆಳೆದು ಉಸಿರುಗಟ್ಟಿದಂತಾದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿಸಿ. ಅಂಗೈ ಅಂಗಾಲು ರಾತ್ರಿಯೆಲ್ಲ ತುರಿಸಿದರೆ ಅದನ್ನೂ ಹೇಳಿ, ನಂಜೆಂದು ಸುಮ್ಮನಿರಬೇಡಿ. ಹಾಸಿಗೆ ಬಿಟ್ಟೇಳಬಾರದೆಂಬುದು ಹಳೆಯ ಮಾತು. ಅದರಿಂದ ಹೆರಿಗೆಯೇನೂ ಮುಂದೆ ಹೋಗುವುದಿಲ್ಲ. ಆಯಾಸವಾದಾಗ ಎಡಮಗ್ಗುಲಾಗಿ ಮಲಗಿ, ಸಾಕು.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಮುಂದಿನ ಪುಟಗಳಲ್ಲಿ ಅಡಿಗೆಯವರೇ ಇದ್ದಾರೆ. ಎರಡು ಮಕ್ಕಳೆಂದು ಮೂರು ಪಾಲು ಅನ್ನ ಬೇಡ. ಎರಡು ಮಕ್ಕಳು ಒತ್ತುವಾಗ ಹೊಟ್ಟೆಯಲ್ಲಿ ಜಾಗವೂ ಇರುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಉಣ್ಣಿ. ಮೊಳಕೆ ಹೆಸರುಕಾಳು, ಸೊಪ್ಪಿನ ಹುಳಿ, ರಾಗಿ, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನು. ಕಬ್ಬಿಣದ ಮಾತ್ರೆಯನ್ನು ಕಾಫಿ, ಹಾಲಿನ ಜೊತೆ ನುಂಗಬೇಡಿ, ನಿಂಬೆ ಪಾನಕದ ಜೊತೆ ನುಂಗಿ. ಸುಣ್ಣದ ಮಾತ್ರೆ ಬೇರೆ ಹೊತ್ತಿಗೆ. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಕಾಗಿಲ್ಲ.

ಇಬ್ಬರಿಗೂ ಎದೆಹಾಲು ಸಾಲುತ್ತದೆಯೇ ಎಂದು ಇದೇ ಕಾಗದದ ಕೊನೆಯಲ್ಲಿ ಕೇಳಿದ್ದಾರೆ. ಸಾಲುತ್ತದೆ. ಇಬ್ಬರನ್ನೂ ಹಿಡಿದುಕೊಳ್ಳುವ ಬಗೆಯನ್ನು ಮುಂದಿನ ಸಂಚಿಕೆಯಲ್ಲಿ ಹೇಳುತ್ತೇನೆ.