ಲ್ಯಾಪ್ ಸಮಯದ ಪಕ್ಕದಲ್ಲಿ ಟೈರಿನ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ಸಂಚಿಕೆಯ ವಾಹನ ಪುಟದಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಲ್ಯಾಪ್ ಸಮಯಗಳ ಪಟ್ಟಿ ಪ್ರಕಟವಾಗಿತ್ತು. ಕಾರಿನ ಹೆಸರು, ಅಶ್ವಶಕ್ತಿ, ಸಮಯ ಎಂದು ಮೂರೇ ಕಾಲಂ. ಅದರ ಕೆಳಗೆ ಯಾವ ಕಂಪನಿ ಯಾವ ಕಂಪನಿಯನ್ನು ಹಿಂದಿಕ್ಕಿತು ಎಂಬ ತೀರ್ಪು. ಆ ಕಾರುಗಳು ಯಾವ ಟೈರ್ ಹಾಕಿಕೊಂಡು ಓಡಿದವು ಎಂಬುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಟೈರಿನ ಮಾತೇ ಎತ್ತದೆ ಎರಡು ಸ್ಪೋರ್ಟ್ಸ್ ಕಾರುಗಳ ನಡುವೆ ಗೆದ್ದವರು ಸೋತವರು ಎಂದು ಹೇಳುವುದು ಅನ್ಯಾಯ. ನಿಮ್ಮ ಪುಟವನ್ನು ನಂಬಿ ಓದುವವರಲ್ಲಿ ನಾನೂ ಒಬ್ಬನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಪಟ್ಟಿಯಲ್ಲೇ ಇದ್ದ ಷೆವ್ರೊಲೆ ಕಮಾರೋ ನೋಡಿ. 2016ರಲ್ಲಿ ಕಮಾರೋ ಜೆಡ್ಎಲ್1 ಈ ಟ್ರ್ಯಾಕನ್ನು 7 ನಿಮಿಷ 29.60 ಸೆಕೆಂಡಿನಲ್ಲಿ ಸುತ್ತಿತು. ಮರುವರ್ಷ ಅದೇ ಕಾರಿನ 1ಎಲ್ಇ ಆವೃತ್ತಿ 7 ನಿಮಿಷ 16.04 ಸೆಕೆಂಡಿಗೆ ಮುಗಿಸಿತು. ಎಂಜಿನ್ ಅದೇ, 650 ಅಶ್ವಶಕ್ತಿಯೂ ಅದೇ. ಆದರೂ ಹದಿಮೂರೂವರೆ ಸೆಕೆಂಡು ಇಳಿಯಿತು. ಮುಖ್ಯವಾಗಿ ಬದಲಾದದ್ದು ಸಸ್ಪೆನ್ಷನ್, ಗಾಳಿಯ ಒತ್ತಡಕ್ಕೆ ಹಾಕಿದ ದೊಡ್ಡ ರೆಕ್ಕೆ, ಮತ್ತು ಟೈರ್. ಮೊದಲನೆಯದಕ್ಕೆ ಗುಡ್‌ಇಯರ್ ಈಗಲ್ ಎಫ್1 ಸೂಪರ್‌ಕಾರ್ 3, ಎರಡನೆಯದಕ್ಕೆ ಅದರ ‘3ಆರ್’. ಈ ಒಂದು ಅಕ್ಷರ ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ಹದಿಮೂರೂವರೆ ಸೆಕೆಂಡಿನಲ್ಲಿ ರೆಕ್ಕೆಯ ಪಾಲೆಷ್ಟು, ರಬ್ಬರಿನ ಪಾಲೆಷ್ಟು ಎಂದು ಯಾರೂ ಬಿಡಿಸಿ ಹೇಳಲಾರರು. ಆದರೆ ರಬ್ಬರ್ ಬದಲಾಗಿದೆ ಎಂಬುದಾದರೂ ಓದುಗನಿಗೆ ಗೊತ್ತಿರಬೇಡವೇ?

ಎಂಜಿನ್ ಕೊಡುವ ಶಕ್ತಿ, ಬ್ರೇಕಿನ ಬಲ, ಸ್ಟಿಯರಿಂಗಿನ ನಿಖರತೆ ಎಲ್ಲವೂ ನೆಲ ಮುಟ್ಟುವುದು ಟೈರಿನ ಮೂಲಕವೇ. ತಿರುವಿನಲ್ಲಿ ಹಿಡಿತ ಶೇಕಡಾ 5ರಷ್ಟು ಹೆಚ್ಚಿದರೆ ಆ ತಿರುವನ್ನು ದಾಟುವ ವೇಗ ಸುಮಾರು ಶೇಕಡಾ ಎರಡೂವರೆಯಷ್ಟು ಹೆಚ್ಚುತ್ತದೆ. ಇದು ಸರಳ ಭೌತಶಾಸ್ತ್ರ. ನ್ಯೂರ್ಬರ್ಗ್‌ರಿಂಗಿನ ಉತ್ತರ ಸುತ್ತಿನಲ್ಲಿ 70ಕ್ಕೂ ಹೆಚ್ಚು ತಿರುವುಗಳಿವೆ. ಪ್ರತಿ ತಿರುವಿಗೂ ಸ್ವಲ್ಪ ತಡವಾಗಿ ಬ್ರೇಕ್ ಒತ್ತಬಹುದು, ಹೊರಬರುವಾಗ ಸ್ವಲ್ಪ ಮೊದಲೇ ಆಕ್ಸಿಲರೇಟರ್ ತುಳಿಯಬಹುದು, ಮುಂದಿನ ನೇರ ದಾರಿಗೆ ಹೆಚ್ಚಿನ ವೇಗದಲ್ಲೇ ಬರಬಹುದು. ಇವೆಲ್ಲ ಕೂಡಿಕೊಂಡು ಸೆಕೆಂಡುಗಳಾಗುತ್ತವೆ. ಎಂಜಿನಿಗೆ ಇಪ್ಪತ್ತು ಮೂವತ್ತು ಅಶ್ವಶಕ್ತಿ ಹೆಚ್ಚಿಸಿದರೂ ಇಷ್ಟು ಸಿಗುವುದು ಕಷ್ಟ.

ಟ್ರ್ಯಾಕಿಗೆಂದೇ ಮಾಡುವ, ರಸ್ತೆಗೂ ಪರವಾನಗಿ ಇರುವ ಸೆಮಿ ಸ್ಲಿಕ್ ಟೈರುಗಳು ಸಾಮಾನ್ಯ ಟೈರಿಗಿಂತ ಬೇರೆಯೇ ಜಾತಿಯವು. ರಬ್ಬರ್ ಮೆದು, ತೋಡುಗಳು ಕಡಿಮೆ ಮತ್ತು ಆಳವಿಲ್ಲದವು, ಆದ್ದರಿಂದ ತಿರುವಿನಲ್ಲಿ ರಬ್ಬರಿನ ತುಂಡುಗಳು ಅತ್ತಿತ್ತ ಬಳುಕುವುದಿಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಇಂಥ ಟೈರ್ ಹಾಕಿದ ಕಾರು ಪಿಟ್‌ಗೆ ಬಂದಾಗ ಹತ್ತಿರ ಹೋಗಿ ನೋಡಿದ್ದೇನೆ. ರಬ್ಬರ್ ಬಿಸಿಯಾಗಿ ಅಂಟಂಟಾಗಿರುತ್ತದೆ. ಟ್ರ್ಯಾಕಿನ ಅಂಚಿನ ಸಣ್ಣ ಕಲ್ಲುಗಳು, ಬೇರೆ ಕಾರುಗಳು ಉದುರಿಸಿದ ರಬ್ಬರ್ ಚೂರುಗಳು ಅದಕ್ಕೆ ಮೆತ್ತಿಕೊಂಡಿರುತ್ತವೆ. ಅಂಚಿನಲ್ಲಿ ರಬ್ಬರ್ ಸುರುಳಿ ಸುರುಳಿಯಾಗಿ ಎದ್ದಿರುತ್ತದೆ. ಪಕ್ಕದಲ್ಲೇ ನಿಂತ, ಕಂಪನಿಯಿಂದ ಬಂದ ಮಾಮೂಲು ಟೈರಿನ ಕಾರಿನಲ್ಲಿ ಇಂಥದ್ದೇನೂ ಕಾಣುವುದಿಲ್ಲ. ಇವೆರಡರ ಸಮಯಗಳನ್ನು ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಬರೆದು ಕಾರುಗಳನ್ನು ಅಳೆದೆವು ಎನ್ನಲು ಹೇಗೆ ಬಾಯಿ ಬರುತ್ತದೆ?

ಈ ವ್ಯತ್ಯಾಸ ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಅಮೆರಿಕದ ನಿಯಮದಂತೆ ಟೈರಿನ ಪಕ್ಕದ ಮೈಮೇಲೆ ‘ಟ್ರೆಡ್‌ವೇರ್’ ಎಂಬ ಪದ ಮತ್ತು ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಮಾದರಿ ಟೈರಿಗೆ 100 ಎಂದಿಟ್ಟು, ಅದರ ಎರಡರಷ್ಟು ಬಾಳಿಕೆ ಇದ್ದರೆ 200, ಮೂರರಷ್ಟಿದ್ದರೆ 300 ಎಂದು ಲೆಕ್ಕ. ರಸ್ತೆಗೆಂದು ಮಾಡಿದ ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ಟೈರಿನಲ್ಲಿ 300 ಎಂದಿದ್ದರೆ, ಟ್ರ್ಯಾಕಿಗೆಂದೇ ಮಾಡಿದ ಪಿರೆಲಿ ಟ್ರೊಫಿಯೋ ಆರ್ ಟೈರಿನಲ್ಲಿ 60 ಎಂದಿರುತ್ತದೆ. ಈ ಸಂಖ್ಯೆಯನ್ನು ನಿಗದಿಪಡಿಸುವವರು ಆಯಾ ಕಂಪನಿಯವರೇ ಆದ್ದರಿಂದ ಒಂದು ಬ್ರಾಂಡಿಗೂ ಇನ್ನೊಂದಕ್ಕೂ ಕರಾರುವಾಕ್ಕಾಗಿ ಹೋಲಿಸಲಾಗದು. ಆದರೆ 300ಕ್ಕೂ 60ಕ್ಕೂ ಇರುವ ಅಂತರ ಕಣ್ಣಿಗೆ ರಾಚುವಂಥದ್ದು.

ಟೈರಿನ ಮಾತು ಬಂದಾಗ 2008ರ ಜಗಳ ನೆನಪಾಗದೆ ಇರದು. ನಿಸ್ಸಾನ್ ತನ್ನ ಜಿಟಿ-ಆರ್ ಕಾರು 7 ನಿಮಿಷ 29 ಸೆಕೆಂಡಿನಲ್ಲಿ ಸುತ್ತು ಮುಗಿಸಿತೆಂದು ಪ್ರಕಟಿಸಿತು. ಪೋರ್ಷೆಯವರು ಒಂದು ಜಿಟಿ-ಆರ್ ಕೊಂಡು ತಾವೇ ಓಡಿಸಿ ನೋಡಿದರೆ 7 ನಿಮಿಷ 54 ಸೆಕೆಂಡು ಬಂತು. ಅಂತರ 25 ಸೆಕೆಂಡು. ನಿಸ್ಸಾನ್ ಸೆಮಿ ಸ್ಲಿಕ್ ಬಳಸಿರಬೇಕು ಎಂದು ಪೋರ್ಷೆ ಸಂಶಯ ವ್ಯಕ್ತಪಡಿಸಿತು. ತಾನು ಗ್ರಾಹಕರಿಗೆ ಕೊಡುವ ಮಾಮೂಲು ಟೈರನ್ನೇ ಬಳಸಿದ್ದು ಎಂದು ನಿಸ್ಸಾನ್ ಉತ್ತರಿಸಿತು. ಯಾರ ಮಾತು ಸರಿ ಎಂಬುದು ನನ್ನ ವಿಷಯವಲ್ಲ. ಜಗತ್ತಿನ ಎರಡು ದೊಡ್ಡ ಕಂಪನಿಗಳು ಜಗಳಕ್ಕೆ ನಿಂತಾಗ ಮೊದಲು ಕೇಳಿದ್ದೇ ಟೈರ್ ಯಾವುದು ಎಂದು. ನಿಮ್ಮ ಪಟ್ಟಿ ಕೇಳದೆ ಬಿಟ್ಟದ್ದೂ ಅದನ್ನೇ.

ಟೈರಿನದಲ್ಲದ ಇನ್ನೊಂದು ತಪ್ಪನ್ನೂ ಹೇಳಲೇಬೇಕು. ರೆನೊ ಮೆಗಾನ್ ಟ್ರೋಫಿ-ಆರ್‌ಗೆ ನೀವು 7 ನಿಮಿಷ 40.1 ಸೆಕೆಂಡು ಕೊಟ್ಟಿದ್ದೀರಿ, ಹೋಂಡಾ ಸಿವಿಕ್ ಟೈಪ್ ಆರ್‌ಗೆ 7 ನಿಮಿಷ 44.881. ರೆನೊ ಮುಂದೆ ಎಂದು ಬರೆದಿದ್ದೀರಿ. ರೆನೊದ ಆ ಸಮಯ ಹಳೆಯ ಪದ್ಧತಿಯಂತೆ 20.6 ಕಿಲೋಮೀಟರಿನ ಅಳತೆಯದು. ಹೋಂಡಾದ್ದು ಪೂರ್ತಿ 20.832 ಕಿಲೋಮೀಟರಿನದು. ಪೂರ್ತಿ ಸುತ್ತಿಗೆ ರೆನೊ ಸಮಯ 7 ನಿಮಿಷ 45.389. ಅಂದರೆ ಅರ್ಧ ಸೆಕೆಂಡಿನಷ್ಟು ಹೋಂಡಾ ಮುಂದೆ. ಅದರಲ್ಲೂ ಹೋಂಡಾ ಓಡಿದ್ದು ಕಾರಿನ ಜೊತೆ ಬರುವ ಪೈಲಟ್ ಸ್ಪೋರ್ಟ್ 4ಎಸ್ ಮೇಲಲ್ಲ, ಹೆಚ್ಚುವರಿಯಾಗಿ ಕೊಳ್ಳಬೇಕಾದ ಮಿಷೆಲಿನ್ ಕಪ್ 2 ಮೇಲೆ. ರೆನೊದಲ್ಲಿ ಬ್ರಿಜ್‌ಸ್ಟೋನ್ ಪೊಟೆಂಜಾ ಎಸ್007 ಇತ್ತು. ಇಷ್ಟೆಲ್ಲ ಬೇರೆ ಬೇರೆ ಇರುವಾಗ ಅರ್ಧ ಸೆಕೆಂಡಿನ ಮೇಲೆ ನಿಂತು ಯಾವ ಕಂಪನಿಯ ಎಂಜಿನಿಯರುಗಳೂ ಗೆದ್ದರೆಂದು ನಾನು ಹೇಳಲಾರೆ, ನೀವೂ ಹೇಳಬಾರದು.

ಕಂಪನಿ ಆ ಟೈರನ್ನು ಮಾರುತ್ತದಲ್ಲ, ಕೊಂಡವನಿಗೂ ಅದೇ ಸಿಗುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. ಅದರಲ್ಲಿ ತಕ್ಕಮಟ್ಟಿಗೆ ಸತ್ಯವಿದೆ. ಪೋರ್ಷೆ 718 ಕೇಮನ್ ಜಿಟಿ4 ಆರ್ಎಸ್ 7 ನಿಮಿಷ 9.3 ಸೆಕೆಂಡಿನಲ್ಲಿ ಸುತ್ತಿದಾಗ, ಅದು ಆಯ್ಕೆಯಾಗಿ ಸಿಗುವ ಕಪ್ 2 ಆರ್ ಟೈರಿನ ಮೇಲೆ ಎಂದು ಕಂಪನಿಯೇ ಪ್ರಕಟಣೆಯಲ್ಲಿ ಹೇಳಿತು. ಕಂಪನಿ ತಾನಾಗಿ ಹೇಳಿದ ಮಾತನ್ನು ಪತ್ರಿಕೆ ಕತ್ತರಿಸಿ ಹಾಕುವುದು ಯಾವ ನ್ಯಾಯ? ಹಾಗೆಂದು ಎಲ್ಲ ಕಾರುಗಳಿಗೂ ಒಂದೇ ಟೈರ್ ಹಾಕಿ ಓಡಿಸಬೇಕೆಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಒಂದೊಂದು ಕಾರಿನ ಸಸ್ಪೆನ್ಷನ್ ಒಂದೊಂದು ಟೈರಿಗೆ ಹೊಂದಿಸಿ ಮಾಡಿದ್ದು. ಪೋರ್ಷೆ ಒಪ್ಪಿದ ಟೈರುಗಳ ಮೇಲೆ ‘ಎನ್0’ ಎಂಬ ಗುರುತು, ಬಿಎಂಡಬ್ಲ್ಯುದರ ಮೇಲೆ ನಕ್ಷತ್ರ ಇರುವುದು ಅದಕ್ಕೇ. ರಸ್ತೆ ಟೈರಿನ ಕಾರನ್ನು ರಸ್ತೆ ಟೈರಿನ ಕಾರಿನ ಜೊತೆ, ಸೆಮಿ ಸ್ಲಿಕ್ ಹಾಕಿದ್ದನ್ನು ಸೆಮಿ ಸ್ಲಿಕ್ ಹಾಕಿದ್ದರ ಜೊತೆ ಹೋಲಿಸಿದರೆ ಸಾಕು.

ಇದು ಜರ್ಮನಿಯ ಟ್ರ್ಯಾಕಿನ ವಿಷಯ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಇಂಥ ಪಟ್ಟಿ ನೋಡಿಯೇ ಬೆಂಗಳೂರಿನಲ್ಲಿ ಕಾರು ಬುಕ್ ಮಾಡುವವರಿದ್ದಾರೆ. ಟ್ರ್ಯಾಕ್ ದಿನಕ್ಕೆಂದು ಸೆಮಿ ಸ್ಲಿಕ್ ಹಾಕಿಸಿಕೊಂಡು ಅದರಲ್ಲೇ ಊರಿಗೆ ಹೊರಡುವವರೂ ಇದ್ದಾರೆ. ಆ ಟೈರ್ ತಣ್ಣಗಿದ್ದಾಗ ಹಿಡಿಯುವುದಿಲ್ಲ, ನಿಂತ ನೀರಿನ ಮೇಲೆ ಬೇಗ ತೇಲುತ್ತದೆ. ಜುಲೈ ತಿಂಗಳಲ್ಲಿ ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವವನಿಗೆ ಇದು ಪ್ರಾಣದ ಪ್ರಶ್ನೆ. ಸುತ್ತು ಬೇಗ ಮುಗಿಸಲು ಸಹಾಯ ಮಾಡಿದ ಟೈರ್ ಯಾವುದೆಂದು ಅಚ್ಚಾಗಿದ್ದರೆ, ಅದರ ಅಪಾಯವನ್ನೂ ಓದುಗ ವಿಚಾರಿಸಿಕೊಳ್ಳುತ್ತಾನೆ.

ಆದ್ದರಿಂದ ಸಂಪಾದಕರಲ್ಲಿ ನನ್ನ ಮನವಿ: ಮುಂದಿನ ಪಟ್ಟಿಯಲ್ಲಿ ಪ್ರತಿ ಸಮಯದ ಪಕ್ಕದಲ್ಲೂ ಟೈರಿನ ಪೂರ್ತಿ ಹೆಸರು, ಅದು ಕಾರಿನ ಜೊತೆಗೆ ಬರುವುದೋ ಹೆಚ್ಚುವರಿ ಹಣ ಕೊಟ್ಟು ಕೊಳ್ಳಬೇಕಾದ್ದೋ ಎಂಬುದು, ಮತ್ತು ಸುತ್ತಿನ ಉದ್ದ ಮುದ್ರಿಸಿ. ರೆನೊ, ಹೋಂಡಾ ಸಮಯಗಳ ಬಗ್ಗೆ ಬರುವ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿ. ಟೈರಿನ ವಿವರ ಸಿಗದ ಕಾರನ್ನು ಪಟ್ಟಿಯಿಂದ ಕೈಬಿಡಿ.

ಇತಿ,
ವಾಹನ ಪುಟದ ಓದುಗ, ಬೆಂಗಳೂರು