ಮಿಕ್ಸರ್‌ಗೆ ಇನ್ನೊಂದು ವೈರ್ ಹಾಕೋಣ

ಗ್ರೇಟ್‌ಫುಲ್ ಡೆಡ್ ಹೆಸರು ಕೇಳದವರಿಗೆ ಎರಡು ಮಾತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿ 1995ರ ತನಕ ನಡೆದ ರಾಕ್ ಬ್ಯಾಂಡ್ ಅದು. ಇವತ್ತು ನುಡಿಸಿದ ಹಾಡನ್ನು ನಾಳೆ ಹಾಗೇ ನುಡಿಸುವ ಅಭ್ಯಾಸ ಅವರಿಗಿರಲಿಲ್ಲ. ಅವರ 'ಡಾರ್ಕ್ ಸ್ಟಾರ್' 1968ರ ಸಿಂಗಲ್‌ನಲ್ಲಿ ಮೂರು ನಿಮಿಷ ಕೂಡ ಇಲ್ಲ, ಮರುವರ್ಷದ ಲೈವ್ ಆಲ್ಬಮ್‌ನಲ್ಲಿ 23 ನಿಮಿಷ. ಆ ಉಳಿದ 20 ನಿಮಿಷ ಸ್ಟೇಜ್ ಮೇಲೆ, ಆ ರಾತ್ರಿಯೇ ಹುಟ್ಟಿದ್ದು.

ಅಭಿಮಾನಿಗಳು ತುಂಬಾ ಮಾತಾಡೋದು 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಕಾರ್ಯಕ್ರಮದ ಬಗ್ಗೆ. ಅದನ್ನು ರೆಕಾರ್ಡ್ ಮಾಡಿದವರು ಬೆಟ್ಟಿ ಕ್ಯಾಂಟರ್-ಜಾಕ್ಸನ್ ಎಂಬ ಸೌಂಡ್ ಎಂಜಿನಿಯರ್. ಅವರ ನೂರಾರು ಟೇಪುಗಳು ಒಂದು ಬಾಡಿಗೆ ಗೋದಾಮಿನಲ್ಲಿದ್ದವು. ಬಾಡಿಗೆ ಬಾಕಿ ಬಿದ್ದು 1986ರಲ್ಲಿ ಹರಾಜಾದವು! ಕೊಂಡವರ ಕೈಯಿಂದ ಕಾಪಿಗಳು ಹರಡಿದವು. 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾರ್ನೆಲ್ ರೆಕಾರ್ಡಿಂಗನ್ನು ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಅಧಿಕೃತ ಆಲ್ಬಮ್ ಬಂದದ್ದು 2017ರಲ್ಲಿ, ಅಂದರೆ ನಲವತ್ತು ವರ್ಷದ ಮೇಲೆ.

ಈಗ ನಮ್ಮೂರ ಕಡೆ ಬರೋಣ. ಉಜ್ಜಿನಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದ ನಮಗೆ ಇಂಪ್ರೊವೈಸೇಷನ್ ಅನ್ನೋ ಪದ ಕಲಿಸಿದ್ದು ಇಂಗ್ಲಿಷ್ ಶಾಲೆ. ಆ ಕೆಲಸ ಮಾತ್ರ ನಮ್ಮ ಬಯಲಾಟದಲ್ಲಿ ಮೊದಲಿಂದಲೂ ಇದೆ. ದೊಡ್ಡಾಟದ ಪದಗಳು ಪ್ರತಿಯಲ್ಲಿ ಬರೆದಿರ್ತಾವೆ, ಖರೆ. ಆದರೆ ಭಾಗವತರು ಯಾವ ಸಾಲನ್ನು ಎಷ್ಟು ಎಳೀತಾರೆ, ಪಾತ್ರಧಾರಿ ಹೆಜ್ಜೆ ಬದಲಿಸಿದಾಗ ಮದ್ದಳೆಯವರು ಏನು ಉತ್ತರ ಕೊಡ್ತಾರೆ, ಸಾರಥಿ ಊರವರನ್ನೇ ಹಿಡಿದು ಏನು ಕುಚೋದ್ಯ ಮಾಡ್ತಾನೆ, ಇವು ಯಾವ ಪ್ರತಿಯಲ್ಲೂ ಇಲ್ಲ. ಬೆಳಗಾಗುವಾಗ ರಂಗದ ಪರದೆಯ ಜೊತೆ ಅವೂ ಹೋಗ್ತವೆ.

ಹಿಂದೂಸ್ತಾನಿ ಸಂಗೀತಕ್ಕೆ ಧಾರವಾಡ ಆಕಾಶವಾಣಿ ಇತ್ತು, ಹಾಗಾಗಿ ಮಲ್ಲಿಕಾರ್ಜುನ ಮನ್ಸೂರರ ದನಿ ಇಂದಿಗೂ ಕೇಳಲು ಸಿಗುತ್ತೆ. ರಾಮನಗರದ ಜಾನಪದ ಲೋಕಕ್ಕೆ ಎಚ್.ಎಲ್. ನಾಗೇಗೌಡರಿದ್ದರು. ನಮ್ಮ ಹಳ್ಳಿ ಮೇಳಗಳಿಗೆ ಯಾರಿದ್ದಾರೆ?

'ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ' ಅಂತೀರಿ. ತೆಗೆದು ನೋಡ್ರಿ. ಮೊಬೈಲ್‌ನಲ್ಲಿ ಹಿಡಿದದ್ದು, ಅದೂ ಪಾತ್ರ ಕುಣಿಯುವ ಭಾಗ ಅಷ್ಟೇ. ಹಾರ್ನ್ ಸ್ಪೀಕರ್ ಕಿರುಚಾಟಕ್ಕೆ ಫೋನು ತಾನೇ ದನಿ ತಗ್ಗಿಸಿಬಿಡುತ್ತೆ, ಮದ್ದಳೆ ಡಬ್ಬಿ ಬಡಿದಂಗೆ ಕೇಳುತ್ತೆ. ಭಾಗವತರು ಯಾರು, ಯಾವ ಊರು, ಯಾವ ತಾರೀಖು ಅಂತ ಎಷ್ಟೋ ವಿಡಿಯೋಗಳಲ್ಲಿ ಒಂದಕ್ಷರ ಇರಲ್ಲ. ಡೆಡ್ ಅಭಿಮಾನಿಗಳಿಂದ ಕಲೀಬೇಕಾದ್ದು ಇದನ್ನೇ ಅಂತ ನಮ್ಮ ಅಭಿಪ್ರಾಯ. ಅವರ ಕ್ಯಾಸೆಟ್ ಮೇಲೆ ತಾರೀಖು, ಊರು, ಹಾಡುಗಳ ಕ್ರಮ ಎಲ್ಲಾ ಇರ್ತಿತ್ತು. ಹಾಗಾಗಿಯೇ ಒಂದು ರಾತ್ರಿಯನ್ನು ಇನ್ನೊಂದರ ಪಕ್ಕ ಇಟ್ಟು ಜಗಳ ಆಡೋಕೆ ಅವರಿಗೆ ಸಾಧ್ಯವಾಯ್ತು.

ಖರ್ಚು ದೊಡ್ಡದೇನಲ್ಲ. ಮೈಕ್ ಸೆಟ್‌ನವರ ಮಿಕ್ಸರ್‌ನಲ್ಲಿ ಹೊರಗೆ ಕೊಡುವ ಲೈನ್ ಇರುತ್ತೆ, ಅದರಿಂದ ಒಂದು ವೈರ್ ರೆಕಾರ್ಡರ್‌ಗೆ. ಜನರ ನಗು, ಶಿಳ್ಳೆಗೆ ದೂರದಲ್ಲಿ ಇನ್ನೊಂದು ಮೈಕ್. (ನಗು ಇಲ್ಲದ ಸಾರಥಿ ಯಾರಿಗೆ ಬೇಕು?) 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೋ ಅಂದರೆ ಗಂಟೆಗೆ ಸುಮಾರು 1 ಜಿಬಿ. ರಾತ್ರಿಯಿಡೀ ಹಿಡಿದರೂ 16 ಜಿಬಿ ಕಾರ್ಡಿನಲ್ಲಿ ಕೂರುತ್ತೆ. ಫೆಸ್ಟ್‌ನ ಡಿಜೆ ಬಜೆಟ್ಟಿನ ಒಂದು ಚೂರು ಸಾಕು.

ನಿಜವಾದ ಕಷ್ಟ ಬೇರೆ. ಡೆಡ್ ತಮ್ಮ ಜನಕ್ಕೆ ರೆಕಾರ್ಡ್ ಮಾಡಲು ಬಿಟ್ಟಿತ್ತು, 1984ರಿಂದ ಟೇಪಿನವರಿಗೇ ಪ್ರತ್ಯೇಕ ಜಾಗ ಕೊಟ್ಟಿತ್ತು. ಒಪ್ಪಿಗೆ ಅವರದ್ದೇ. ನಾವು ಹೋಗುವಾಗಲೂ ಮೊದಲು ಮೇಳದ ಹಿರಿಯರನ್ನು ಕೇಳಬೇಕು. ಎಲ್ಲಿ ಹಾಕ್ತೀವಿ, ದುಡ್ಡು ಬಂದರೆ ಯಾರಿಗೆ ಅಂತ ಬಾಯಿಬಿಟ್ಟು ಹೇಳಬೇಕು. ಬೇಡ ಅಂದರೆ ವೈರ್ ಸುತ್ತಿಕೊಂಡು ಕೂತು ಆಟ ನೋಡಬೇಕು. ಹೂಂ ಅಂದರೆ ಮೊದಲ ಕಾಪಿ ಭಾಗವತರ ಮನೆಗೆ, ಎರಡನೇದು ಕಾಲೇಜ್ ಲೈಬ್ರರಿಗೆ, ಆಮೇಲೆ ನಮ್ಮ ಫೋನಿಗೆ.