ಇಂಗ್ಲಿಷ್ ಬರಲ್ಲ ಅಂತಲ್ಲ, ಬಾಯಿಗೆ ರೂಢಿ ಇಲ್ಲ (ಭಾಗ 4)

ನೇರವಾಗಿ ಹೇಳ್ತೀನಿ. ಬಿಕಾಂ ಓದೋ ನಮಗೆ ಇಂಗ್ಲಿಷ್ ಪದಗಳ ಕೊರತೆ ಇಲ್ಲ. ಡೆಬಿಟ್, ಕ್ರೆಡಿಟ್, ಡಿಪ್ರಿಸಿಯೇಷನ್, ಬ್ಯಾಲೆನ್ಸ್ ಶೀಟ್ ಎಲ್ಲಾ ದಿನಾ ಬಳಸ್ತೀವಿ. ಹೆಚ್ಚಿನವರು ಪರೀಕ್ಷೆನೂ ಇಂಗ್ಲಿಷಲ್ಲೇ ಬರೀತೀವಿ. ಆದ್ರೆ ಇಂಟರ್‌ವ್ಯೂನಲ್ಲಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಅಂದ್ರೆ ಗಂಟಲು ಒಣಗುತ್ತೆ.

ಯಾಕೆ? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ಇಂಗ್ಲಿಷಲ್ಲಿ ಕರ್ತೃ ಆದ ತಕ್ಷಣ ಬರುತ್ತೆ. ತಲೇಲಿ ಕನ್ನಡ ವಾಕ್ಯ ಕಟ್ಟಿ ತಿರುಗಿಸೋಕೆ ಹೋದ್ರೆ ಅರ್ಧದಲ್ಲೇ ಸಿಕ್ಕಾಕೊಳ್ತೀವಿ. ಗ್ರಾಮರ್ ಪುಸ್ತಕ ಓದಿದ್ರಷ್ಟೇ ಇದು ಹೋಗಲ್ಲ, ಬಾಯಿ ಬಿಟ್ಟು ಮಾತಾಡ್ಬೇಕು.

ಹೀಗೆ ಮಾಡಿ. ಅವತ್ತು ಕ್ಲಾಸಲ್ಲಿ ಕಲಿತ ಒಂದೇ ವಿಷಯ ತಗೊಳ್ಳಿ. ಲೆಕ್ಕದಲ್ಲಿ ಕಂಪ್ಯೂಟರ್ ಬೆಲೆ ವರ್ಷ ವರ್ಷ ಯಾಕೆ ಇಳಿಸ್ತೀವಿ ಅಂತ ಫ್ರೆಂಡ್‌ಗೆ 2 ನಿಮಿಷ ಇಂಗ್ಲಿಷಲ್ಲಿ ವಿವರಿಸಿ. ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ತಡವರಿಸಿದ ವಾಕ್ಯ ಮಾತ್ರ ಮತ್ತೆ ಹೇಳಿ.

ಕೊನೇದಾಗಿ, ಯಾರಾದ್ರೂ ಇಂಗ್ಲಿಷ್ ಮಾತಾಡ್ತಾ "ಬಸ್ಸು", "ಬ್ಯಾಂಕು" ಅಂದ್ರೆ ನಗಬೇಡ್ರಪ್ಪ. ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯುತ್ವೆ, ನಾಲಿಗೆಗೆ ಅದೇ ಅಭ್ಯಾಸ. ನಮ್ಮ ನಗು ಕೇಳಿ ಇವತ್ತು ಸುಮ್ಮನಾದವರು ಪ್ಲೇಸ್‌ಮೆಂಟ್ ದಿನವೂ ಸುಮ್ಮನೇ ಕೂತುಬಿಡ್ತಾರೆ.

ಇವತ್ತು ನಿಮ್ಮ 2 ನಿಮಿಷದ ವಿಷಯ ಯಾವುದು? ಕಮೆಂಟಲ್ಲಿ ಹಾಕಿ.